ಮೂರು ಊರಿನ ತಂತಿ

27 ಅಕ್ಟೋಬರ್ 1977, ಗುರುವಾರ

ಬೆಳಗಿನ ಅನುಸಂಧಾನಕ್ಕೆ ದೇವರ ಮುಂದೆ ಕೂತರೆ ಬಾಯಿ ತಾನೇ ಹೇಳಿಕೊಂಡು ಹೋಗುತ್ತದೆ, ಮನಸ್ಸು ನಿಲ್ಲುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೆರುಮಾಳಿಗೆ ಎಲ್ಲಾ ಗೊತ್ತು. ಆದರೂ ಒಂದು ಕಡೆ ಇಳಿಸಿಟ್ಟರೆ ಕೆಲಸಕ್ಕೆ ಹೋಗಲು ಕಾಲು ಬಂದೀತು.

ನಿನ್ನೆ ದೇವೀರಮ್ಮನ ಸೊಸೆ ಸಣ್ಣತಾಯಿ ಹೆರಿಗೆಯಲ್ಲಿ ತೀರಿಹೋದಳು. ಗಂಡು ಕೂಸು ಉಳಿದಿದೆ.

ನಡೆದದ್ದು ಹೀಗೆ. ನಮ್ಮ ಹುಣಸೇಕಟ್ಟೆ, ಆಚೆ ಕಲ್ಲಾರೆ, ಈಚೆ ಅರಳಿಪುರ. ಮೂರು ಹಳ್ಳಿಗೂ ಒಂದೊಂದು ಟೆಲಿಫೋನ್ ಬೋರ್ಡು, ಒಂದರಿಂದ ಒಂದಕ್ಕೆ ತಂತಿ. ಅದಲ್ಲದೆ ಒಬ್ಬೊಬ್ಬರಿಗೂ ಒಂದೊಂದು ಪೇಟೆಯ ತಂತಿ: ನಮಗೆ ಮಳವಳ್ಳಿ, ಕಲ್ಲಾರೆಗೆ ಮದ್ದೂರು, ಅರಳಿಪುರಕ್ಕೆ ಮಂಡ್ಯ. ನಮ್ಮೂರಿನವರು ಮಂಡ್ಯ ಕೇಳಿದರೆ ನಾನು ಅರಳಿಪುರದ ಮೂಲಕ ಕೊಡಬೇಕು. ಅದು ಕೆಟ್ಟಿದ್ದರೆ ಕಲ್ಲಾರೆಯ ಮೇಲೆ ಮದ್ದೂರು, ಮದ್ದೂರಿನಿಂದ ಮಂಡ್ಯ. ಗೋಡೆಗೆ ಅಂಟಿಸಿರುವ ಪಟ್ಟಿಯಲ್ಲಿ ಹಾಗೇ ಇದೆ. ಯಜಮಾನರ ಕಾಲದಿಂದಲೂ ಅದೇ ಪಟ್ಟಿ. ಅವರು ಹೋದ ಮೇಲೆ ಇಲಾಖೆಯವರು ಅವರ ಕುರ್ಚಿ ನನಗೆ ಕೊಟ್ಟರು. ನಾನೂ ಅದನ್ನೇ ನೋಡಿಕೊಂಡು ಬಂದಿದ್ದೇನೆ.

ನಿನ್ನೆ ಬೆಳಗಿನಿಂದ ಗಾಳಿ ಮಳೆ. ಮಧ್ಯಾಹ್ನ ಆರೋಗ್ಯ ಕೇಂದ್ರದ ಕಾಂಪೌಂಡರು ಫೋನು ಎತ್ತಿ, ಸಣ್ಣತಾಯಿಗೆ ರಕ್ತ ನಿಲ್ಲುತ್ತಿಲ್ಲ, ಮಂಡ್ಯ ಆಸ್ಪತ್ರೆಯ ವ್ಯಾನು ಬರಬೇಕು, ಡಾಕ್ಟರು ಗಾಡಿಯಲ್ಲಿ ಸಾಗಿಸಬೇಡಿ ಎಂದಿದ್ದಾರೆ ಎಂದರು. ಅರಳಿಪುರದ ಲಿಂಗಯ್ಯನನ್ನು ಕೇಳಿದೆ. ಮಂಡ್ಯದ ಕಂಬ ಬಿದ್ದಿದೆ, ಕಲ್ಲಾರೆಯವರಿಗೆ ಮದ್ದೂರು ಇದೆಯಂತೆ, ಆ ಕಡೆ ಹೋಗಿ ಎಂದ. ಕಲ್ಲಾರೆಯ ಮಹದೇವಯ್ಯನನ್ನು ಕೇಳಿದೆ. ‘ಇರಿ, ಕೊಡ್ತೀನಿ’ ಎಂದ. ಕೊಟ್ಟ. ಕಾಂಪೌಂಡರಿಗೆ ಮಾತಾಡಿ ಎಂದು ಹೇಳಿ ನಾನು ಸುಮ್ಮನಾದೆ.

ಅಷ್ಟರಲ್ಲಿ ನನ್ನ ಬೋರ್ಡಿನಲ್ಲಿ ಅರಳಿಪುರದ ಶಟರು ಬಿತ್ತು, ಅಲ್ಲಿಂದ ಕರೆ ಬಂದ ಗುರುತು. ಪ್ಲಗ್ಗು ಹಾಕಿ ಯಾರು ಎಂದೆ. ‘ಮಂಡ್ಯ ಆಸ್ಪತ್ರೇನಾ?’ ಎಂದು ಕೇಳಿತು. ಎರಡು ಬೀದಿ ಆಚೆ ಕೂತಿರುವ ನಮ್ಮ ಕಾಂಪೌಂಡರ ದನಿ. ಕಲ್ಲಾರೆಗೆ ಹೋದ ಮಾತು ಅರಳಿಪುರ ಸುತ್ತಿ ನನ್ನ ಕಿವಿಗೇ ಬಂದಿತ್ತು. ಅವರು ಮಂಡ್ಯ ಸಿಕ್ಕಿತು ಎಂದುಕೊಂಡು, ರಕ್ತ ಹೋಗುತ್ತಿದೆ ಬೇಗ ಬನ್ನಿ ಬೇಗ ಬನ್ನಿ ಎಂದು ನನಗೇ ಹೇಳುತ್ತಿದ್ದರು.

ಎಲ್ಲಾ ಕಿತ್ತು ಮತ್ತೆ ಹಾಕಿದೆ. ಮತ್ತೆ ಕಲ್ಲಾರೆ, ಮತ್ತೆ ಅರಳಿಪುರ. ಹೊತ್ತು ಹೋಯಿತು. ಕೊನೆಗೆ ಮಳವಳ್ಳಿ, ಮೈಸೂರು ಸುತ್ತಿಸಿ ಮಂಡ್ಯ ಸಿಕ್ಕಿತು. ವ್ಯಾನು ಬರುವಷ್ಟರಲ್ಲಿ ದೀಪ ಹಚ್ಚಿದ್ದರು, ಅವಳ ತಲೆಯ ಹತ್ತಿರ.

ಮದ್ದೂರು ಇಲ್ಲ ಎಂದು ಆ ಮಹದೇವಯ್ಯ ಬಾಯಿಬಿಟ್ಟು ಹೇಳಿದ್ದರೆ ಇಷ್ಟಾಗುತ್ತಿರಲಿಲ್ಲ. ಇಲ್ಲದ ತಂತಿಯನ್ನು ಇದೆ ಎಂದ. ದೇವೀರಮ್ಮನ ಬಾಗಿಲಲ್ಲಿ ನಿಂತು ಅದನ್ನೇ ಹೇಳಿ ಬಂದೆ. ಮನೆಗೆ ಬಂದು ತಲೆಗೆ ಸ್ನಾನ ಮಾಡಿ, ಒದ್ದೆಯಲ್ಲೇ ದೇವರ ಮುಂದೆ ಕೂತೆ.

29 ಅಕ್ಟೋಬರ್

ಲೈನ್‌ಮನ್ ನಿಂಗಯ್ಯ ಕಂಬ ಎತ್ತಿ ಬಂದ. ಮದ್ದೂರು, ಮಂಡ್ಯ ಎರಡೂ ಸರಿ ಹೋಗಿವೆಯಂತೆ. ಕಲ್ಲಾರೆಯಲ್ಲಿ ಮಹದೇವಯ್ಯ ಆವತ್ತು ಊಟ ಮಾಡಿ ಮಲಗಿದ್ದನಂತೆ, ನಿದ್ದೆಗಣ್ಣಲ್ಲಿ ಯಾವುದೋ ತೂತಿಗೆ ಯಾವುದೋ ಪ್ಲಗ್ಗು ಚುಚ್ಚಿದನಂತೆ. ಅರಳಿಪುರದವರು ಹೇಳಿದರು ಎಂದ ನಿಂಗಯ್ಯ. ಹಾಗೇ ಇರಬೇಕು.

ಬೆಳಿಗ್ಗೆ ಕಲ್ಲಾರೆಯಿಂದ ಗಂಟೆ ಬಂತು. ಪ್ರತಿದಿನದಂತೆ ‘ಎಲ್ಲಾ ಸರಿನಾ ಅಮ್ನೋರೆ?’ ಎಂದ. ಸರಿ ಎಂದು ಪ್ಲಗ್ಗು ಎಳೆದೆ. ಇಷ್ಟು ವರ್ಷದಲ್ಲಿ ಅವನ ಮುಖ ನೋಡಿಲ್ಲ. ನೋಡುವುದೂ ಬೇಡ.

31 ಅಕ್ಟೋಬರ್

ದೇವೀರಮ್ಮನ ಮನೆಯ ಕಡೆಯಿಂದ ಕೂಸಿನ ಅಳು ಎಕ್ಸ್‌ಚೇಂಜಿನವರೆಗೆ ಕೇಳುತ್ತದೆ. ಹಸುವಿನ ಹಾಲಿಗೆ ನೀರು ಬೆರೆಸಿ ಬತ್ತಿಯಲ್ಲಿ ಕುಡಿಸುತ್ತಾಳೆ. ಇನ್ನೇನೂ ಬರೆಯಲಾರೆ.

2 ನವೆಂಬರ್, ಬುಧವಾರ

ಮಧ್ಯಾಹ್ನ ದೇವೀರಮ್ಮ ಬಂದಳು. ಒಳಗೆ ಬರಲಿಲ್ಲ. ಹೊಸ್ತಿಲ ಆಚೆ, ಸೂತಕ ಅಂತ, ಕಂಬ ಹಿಡಿದು ನಿಂತಳು. ಕೂಸನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ಕುಳಿತುಕೋ ಎಂದರೂ ಕೂರಲಿಲ್ಲ.

‘ಅಮ್ನೋರೆ, ಅವತ್ತು ಏಳಿದ್ರಲ್ಲ, ತಂತಿ ಐತೆ ಐತೆ ಅಂದೋನು. ಅವ್ನ ಎಸ್ರೇನು?’

ಯಾಕೆ ಎಂದೆ.

‘ಸೂತ್ಕ ಕಳೀಲಿ. ಅಮಾಸೆ ಆದ ಮೊದ್ಲ ಮಂಗ್ಳಾರ ಮಾರಮ್ಮನ ಗುಡಿ ಮುಂದೆ ಮೂರಿಡಿ ಮಣ್ಣು ತೂರ್ತೀನಿ. ಎಸ್ರಿಲ್ದೆ ತೂರುದ್ರೆ ಅದು ಎಲ್ಗೋಗದೆ? ಗಾಳಿಗೋಗ್ತದೆ.’

ನಮ್ಮ ಕಡೆ ಅದನ್ನು ಯಾರೂ ತಮಾಷೆಗೆ ಆಡುವುದಿಲ್ಲ. ನೊಂದವರು ಹೆಸರು ಹೇಳಿ ಮಣ್ಣು ತೂರಿದರೆ ಆ ಮನೆ ಬೆಳಗುವುದಿಲ್ಲ. ನನ್ನ ಕಣ್ಣೆದುರಿಗೇ ಒಂದು ಮನೆ ಹಾಗೆ ಹೋಯಿತು. ಮಾರಮ್ಮ ನಮ್ಮ ದೇವರಲ್ಲ, ನಾನು ಆ ಗುಡಿ ಮೆಟ್ಟಿಲು ತುಳಿದವಳಲ್ಲ, ಆದರೆ ಅವಳ ಮಾತು ಸುಳ್ಳಾಗುವುದಿಲ್ಲ ಎಂದು ನನಗೂ ಗೊತ್ತು.

ಮಹದೇವಯ್ಯ ಎಂದು ಹೇಳಿದೆ.

ಅವಳು ಎರಡು ಸಲ ಅಂದುಕೊಂಡಳು, ಮರೆಯದಿರಲಿ ಎಂಬಂತೆ. ಕೂಸು ಅತ್ತಿತು. ಹೊರಟುಹೋದಳು.

3 ನವೆಂಬರ್

ನಿಂಗಯ್ಯನಿಗೆ ಮಣ್ಣು ತೂರುವ ವಿಷಯ ಆಗಲೇ ಗೊತ್ತು. ಊರಿಗೆಲ್ಲಾ ಗೊತ್ತು. ಅವನು ಬೀಡಿ ಆರಿಸಿ ಬಾಗಿಲಲ್ಲಿ ಕೂತು, ಮಹದೇವಯ್ಯನ ಮಗಳು ಬಸುರಿ, ಚೊಚ್ಚಲು, ಏಳು ತಿಂಗಳು, ಮೊನ್ನೆ ತಾನೇ ತವರಿಗೆ ಕರೆತಂದಿದ್ದಾರೆ ಎಂದ.

ಅದು ಅವರ ಕರ್ಮ ಎಂದೆ. ಹೇಳಿದ ಮೇಲೆ ತುಳಸಿಗೆ ನೀರು ಹಾಕಲು ಹೋದೆ. ಬೆಳಿಗ್ಗೆ ಹಾಕಿದ್ದೆ. ಮತ್ತೆ ಹಾಕಿದೆ.

5 ನವೆಂಬರ್, ಶನಿವಾರ

ಕಲ್ಲಾರೆ ಶಟರು ಬಿತ್ತು. ಯಾವ ನಂಬರು ಎಂದೆ.

‘ನಂಬ್ರಿಲ್ಲ ಕಣಮ್ಮ. ನಾನೇ.’

ತಂತಿಯಲ್ಲಿ ಅವನ ಉಸಿರು ಕೇಳುತ್ತಿತ್ತು.

‘ನನ್ನೆಸ್ರು ಕೊಟ್ರಂತೆ.’

ಕೊಡದೆ ಇನ್ನೇನು ಮಾಡಲಿ, ಇಲ್ಲದ ಮದ್ದೂರನ್ನು ಇದೆ ಎಂದವರು ಯಾರು ಎಂದು ಕೇಳಿದೆ. ದನಿ ಏರಿತ್ತು ನನ್ನದು.

‘ಮದ್ದೂರು ಐತೆ ಅಂತ ನಾನು ನಿಮ್ಗೆ ಯಾವಾಗೇಳ್ದೆ? ನೀವು ಮಂಡ್ಯ ಕೇಳುದ್ರಿ. ಮದ್ದೂರು ಆಗ್ತಾನೆ ಬಿದ್ದೋಗಿತ್ತು. ಅರಳಿಪುರ್ದೋರು ಒತ್ತಾರೆ ಮಂಡ್ಯ ಸರಿ ಅಂದಿದ್ರು, ಅತ್ತಗೆ ಕೊಟ್ಟೆ. ಅವ್ರದ್ದು ಬಿದ್ದೈತೆ ಅಂತ ನನ್ಗೇನು ಕನಸು ಬಿದ್ದಿತ್ತಾ?’

ಕಲ್ಲಾರೆಗೆ ಮದ್ದೂರು ಇದೆ ಎಂದು ಲಿಂಗಯ್ಯನೇ ಹೇಳಿದ ಎಂದೆ.

‘ಅಂಗಾರೆ ಅದು ಲಿಂಗಯ್ಯನ ಮಾತು. ನನ್ನ ಮಾತಲ್ಲ.’ ಮತ್ತೆ ಅಂದ: ‘ನಿಮ್ಮ ಮಳವಳ್ಳಿ ಐತೋ ಇಲ್ವೋ ಅದು ನನ್ಗೆ ಕಾಣಾಕಿಲ್ಲ. ನಿಮ್ಗೆ ಕಾಣ್ತಿತ್ತಲ್ಲಮ್ಮ.’

ಪ್ಲಗ್ಗು ಎಳೆದುಬಿಟ್ಟೆ. ಎಷ್ಟು ಕೊಬ್ಬು. ಪಟ್ಟಿಯಲ್ಲಿ ಮಳವಳ್ಳಿ ಇರುವುದು ಮಳವಳ್ಳಿಗೆ, ಕೊಳ್ಳೇಗಾಲಕ್ಕೆ. ಮಂಡ್ಯದ ಮುಂದೆ ಮಳವಳ್ಳಿ ಎಂದು ಯಾರೂ ಬರೆದಿಲ್ಲ. ಉತ್ತರಕ್ಕೆ ಹೋಗಬೇಕಾದವರು ದಕ್ಷಿಣಕ್ಕೆ ನಡೆಯುತ್ತಾರೆಯೇ?

ಕಲಸಿದ ಅನ್ನವನ್ನು ಕಾಗೆಗೆ ಹಾಕಿದೆ.

7 ನವೆಂಬರ್, ಸೋಮವಾರ, ಏಕಾದಶಿ

ಉಪವಾಸ. ಮಂಡ್ಯದಿಂದ ನಮ್ಮ ಟೆಲಿಫೋನ್ ಇಲಾಖೆಯ ಇನ್‌ಸ್ಪೆಕ್ಟರು ವೆಂಕಟೇಶಮೂರ್ತಿ ಬಂದಿದ್ದರು. ಬೆಳಿಗ್ಗೆಯೇ ಅರಳಿಪುರ, ಕಲ್ಲಾರೆ ಮುಗಿಸಿಕೊಂಡು ಕೊನೆಗೆ ಇಲ್ಲಿಗೆ. ಪ್ಯಾಂಟಿಗೆಲ್ಲಾ ಕೆಸರು. ನೀರು ಕೇಳಿದರು, ಕೊಟ್ಟೆ. ಸ್ಟೂಲಿನ ಮೇಲೆ ಕೂತು ಅವತ್ತು ಏನಾಯಿತು ಎಂದರು.

ನಾನು ಶುರು ಮಾಡಿದೆ: ಕಲ್ಲಾರೆಯವರಿಗೆ ಮದ್ದೂರು ಇತ್ತಂತೆ, ಆದರೆ ಇರಲಿಲ್ಲವಂತೆ, ಮಹದೇವಯ್ಯ ಮಲಗಿದ್ದನಂತೆ.

ಅವರು ಕೈ ಎತ್ತಿದರು. ಗಟ್ಟಿಯಾಗಿಯೇನೂ ಹೇಳಲಿಲ್ಲ. ‘ಅಂತೆ ಎಲ್ಲ ಬೇಡ ತಾಯಿ. ಲಿಂಗಯ್ಯನದು ಲಿಂಗಯ್ಯ ಹೇಳಿದ, ಮಹದೇವಯ್ಯನದು ಅವನು ಹೇಳಿದ. ನಿಮ್ಮ ಬೋರ್ಡಿನಿಂದ ಹೊರಡುವ ತಂತಿ ಮೂರು. ಅವು ಹೇಗಿದ್ದವು? ಅಷ್ಟೇ ಹೇಳಿ.’

‘ಕಲ್ಲಾರೆ ಇತ್ತು’ ಎಂದೆ. ‘ಅರಳಿಪುರ ಇತ್ತು.’

ಮೂರನೆಯ ತೂತಿನ ಕಡೆಗೆ ಬೆರಳು ತೋರಿಸಿದೆ.

‘ಮಳವಳ್ಳಿ ಇತ್ತು.’

‘ಬೆಳಗಿನಿಂದಲೂ?’

‘ಬೆಳಗಿನಿಂದಲೂ.’

ಬರೆದುಕೊಂಡರು. ತಲೆ ಎತ್ತಲಿಲ್ಲ. ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವರೇ ಬಿಡಿಸಿ ಹೇಳಿದರು. ಮೂವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಬೆಳಿಗ್ಗೆ ಒಬ್ಬರಿಗೊಬ್ಬರು ಎಲ್ಲಾ ಸರಿ ಎಂದುಕೊಂಡೆವು. ಊಟ ಆಯಿತಾ ಎಂದರೆ ಆಯಿತು ಎನ್ನುವ ಹಾಗೆ. ಆಮೇಲೆ ಎರಡು ತಂತಿ ಬಿದ್ದವು. ಬಿದ್ದದ್ದನ್ನು ಕಂಡವನು ತಾನಾಗಿ ಅದನ್ನು ಇನ್ನಿಬ್ಬರಿಗೆ ಹೇಳಲಿಲ್ಲ, ಫೋನು ಬರುವವರೆಗೆ ಯಾರೂ ಕೇಳಲೂ ಇಲ್ಲ. ಹಳೇ ‘ಸರಿ’ಯನ್ನೇ ನಂಬಿಕೊಂಡು ನಾನು ಮಹದೇವಯ್ಯನ ಕಡೆಗೆ, ಅವನು ಲಿಂಗಯ್ಯನ ಕಡೆಗೆ, ಲಿಂಗಯ್ಯ ಅದು ಕಲ್ಲಾರೆಯವರದೇ ಕರೆ ಎಂದುಕೊಂಡು ನನ್ನ ಕಡೆಗೆ ತಳ್ಳಿದೆವು. ಮೂರು ಬೋರ್ಡಿನ ನಡುವೆ ಕಾಂಪೌಂಡರ ಮಾತು ಗಾಣದೆತ್ತಿನ ಹಾಗೆ ಸುತ್ತಿತು.

ಗೋಡೆಯ ಪಟ್ಟಿಯನ್ನು ಅವರೇ ಕೈಯಾರೆ ಕಿತ್ತರು. ಅಂಟು ಗಟ್ಟಿಯಾಗಿತ್ತು, ಸುಣ್ಣವೂ ಬಂತು. ನಾಳಿದ್ದಿನಿಂದ ಹೊಸ ಪದ್ಧತಿ. ಯಾರಿಗೂ ಶಿಕ್ಷೆ ಇಲ್ಲ ಎಂದರು. ಕಲ್ಲಾರೆಯವರ ಮೇಲೆ ಮಣ್ಣು ತೂರುತ್ತಾರೆ ಎಂದು ಅವರಿಗೆ ಯಾರೂ ಹೇಳಿಲ್ಲ. ಹೇಳಿದ್ದರೂ ಇಲಾಖೆಯಲ್ಲಿ ಅದಕ್ಕೆ ಯಾವ ರೂಲು ಇದೆ?

ಹೆಸರು ಕೊಟ್ಟವಳು ನಾನು. ಇವತ್ತು ನಿರ್ಜಲವಾಗಿಯೇ ಇದ್ದೇನೆ, ನೀರೂ ಬೇಡವೆನಿಸಿತು.

9 ನವೆಂಬರ್, ಬುಧವಾರ

ಹೊಸ ಪದ್ಧತಿ ಶುರುವಾಯಿತು. ಬೆಳಿಗ್ಗೆ ಗಂಟೆ ಬಂದರೆ ಎಲ್ಲಾ ಸರಿ ಎನ್ನುವ ಹಾಗಿಲ್ಲ. ನನ್ನ ಬೋರ್ಡಿಗೆ ಕಚ್ಚಿರುವ ತಂತಿ ಮಾತ್ರ, ಒಂದೊಂದನ್ನೂ ಹೆಸರಿಟ್ಟು, ಗಡಿಯಾರ ನೋಡಿ ಹೊತ್ತು ಸೇರಿಸಿ ಹೇಳಬೇಕು. ಲಿಂಗಯ್ಯ ಹೇಳಿದ್ದನ್ನು ನಾನು ಕಲ್ಲಾರೆಗೆ ದಾಟಿಸಬೇಕಾದರೆ ಅವನ ಹೆಸರಿನಲ್ಲೇ, ಅವನು ಹೇಳಿದ ಹೊತ್ತಿನಲ್ಲೇ ದಾಟಿಸಬೇಕು, ನನ್ನ ಒಗ್ಗರಣೆ ಹಾಕಕೂಡದು. ಒಂದೇ ತಂತಿಯ ಬಗ್ಗೆ ಎರಡು ಮಾತು ಬಂದರೆ ಆಮೇಲೆ ಹೇಳಿದ್ದೇ ಮಾತು. ಅರ್ಧ ಗಂಟೆಗೊಮ್ಮೆ ಪಕ್ಕದ ಊರಿನಿಂದ ಗಂಟೆ ಬರಬೇಕು. ಬರದಿದ್ದರೆ ಆ ತಂತಿ ಇಲ್ಲವೆಂದೇ ಲೆಕ್ಕ, ಬಂದಾಗ ನೋಡೋಣ. ಯಾವ ದಾರಿ ಹಿಡಿಯುವುದು ಎಂದು ಪಟ್ಟಿ ಹೇಳುವುದಿಲ್ಲ. ಎಲ್ಲರ ಮಾತೂ ಎಲ್ಲರ ಹತ್ತಿರ ಇರುತ್ತದೆ, ಅವರವರೇ ನೋಡಿ ಹಿಡಿಯಬೇಕು.

ತಲೆಯಲ್ಲಿ ನಿಲ್ಲಲಿಲ್ಲ. ರಂಗೋಲಿ ಡಬ್ಬಿ ತಂದು ಬೋರ್ಡಿನ ಪಕ್ಕ ನೆಲದ ಮೇಲೆ ಊರಿಗೊಂದು ಚುಕ್ಕಿ ಇಟ್ಟು ಎಳೆ ಎಳೆದೆ. ಒಳಗೆ ಮೂರು, ಹೊರಗೆ ಮೂರು, ಆಚೆಗೆ ಮೈಸೂರು. ತಂತಿ ಬಿದ್ದರೆ ಆ ಎಳೆಯನ್ನು ಬೆರಳಿನಲ್ಲಿ ಅಳಿಸುವುದು, ಎದ್ದರೆ ಮತ್ತೆ ಎಳೆಯುವುದು. ಆಗ ಕಂಡಿತು. ಅವತ್ತು ಬಿದ್ದ ಮಂಡ್ಯದ ಎಳೆ ಅಳಿಸಿದೆ. ಮದ್ದೂರಿನ ಎಳೆ ಅಳಿಸಿದೆ. ಉಳಿದದ್ದು ಒಂದೇ, ನಮ್ಮಿಂದ ಮಳವಳ್ಳಿ, ಮಳವಳ್ಳಿಯಿಂದ ಮೈಸೂರು, ಮೈಸೂರಿನಿಂದ ಮಂಡ್ಯ. ಮಗುವಿಗೂ ಕಾಣುತ್ತದೆ.

ನಿಂಗಯ್ಯ ಬಂದವನು ಅದರ ಮೇಲೆ ಕಾಲಿಟ್ಟ. ಮದ್ದೂರನ್ನು ಅಳಿಸಿದೆಯಲ್ಲೋ ಎಂದೆ. ‘ಬುಡಿ ಅಮ್ನೋರೆ, ಮಳೆಗಿಂತ ನಾನೇ ವಾಸಿ, ಒಂದ್ಸಲಕ್ಕೆ ಒಂದೂರು ಅಳುಸ್ತೀನಿ’ ಎಂದ. ಈಗ ಸ್ಲೇಟಿನ ಮೇಲೆ ಬರೆದಿಟ್ಟಿದ್ದೇನೆ.

ಲಿಂಗಯ್ಯನಿಗೆ ಇದು ಸೇರುತ್ತಿಲ್ಲ. ಅವನ ಬಾಯಿಗೆ ‘ಎಲ್ಲಾ ಸರಿ’ ಕಚ್ಚಿಕೊಂಡಿದೆ. ಅದಲ್ಲಪ್ಪ, ಒಂದೊಂದು ಹೇಳು ಎಂದರೆ, ‘ಏನಮ್ಮ ಇದು, ಬೀಗರ ಮನೇಲಿ ಕ್ಷೇಮ ಕೇಳ್ದಂಗೆ, ಅಜ್ಜಿ ಎಂಗವ್ಳೆ, ಎಮ್ಮೆ ಎಂಗೈತೆ’ ಎಂದು ಗೊಣಗಿದ. ಹೇಳಿದ ಮಾತ್ರ.

ಮಹದೇವಯ್ಯ ಚಾಚೂ ತಪ್ಪದೆ ಹೇಳುತ್ತಾರೆ. ಅರ್ಧ ಗಂಟೆಗೆ ಸರಿಯಾಗಿ ಗಂಟೆ. ತಂತಿಯ ಮಾತು ಬಿಟ್ಟು ಒಂದು ಅಕ್ಷರ ಹೆಚ್ಚಿಗೆ ಆಡುವುದಿಲ್ಲ. ನಾನೂ ಆಡಲಿಲ್ಲ.

11 ನವೆಂಬರ್, ಅಮಾವಾಸ್ಯೆ

ಹಬ್ಬ. ಮಳೆ ಮತ್ತೆ ಹಿಡಿಯಿತು. ಹನ್ನೊಂದು ಗಂಟೆಗೆ ಲಿಂಗಯ್ಯ, ಮಂಡ್ಯ ಹೋಯಿತು ಎಂದು ತಾನಾಗಿಯೇ ಹೇಳಿದ. ಸ್ಲೇಟಿನಲ್ಲಿ ಅಳಿಸಿ ಕಲ್ಲಾರೆಗೆ ಅವನ ಹೆಸರಿನಲ್ಲೇ ದಾಟಿಸಿದೆ. ಕಲ್ಲಾರೆಯವರು ಮದ್ದೂರು ಇದೆ, ಆದರೆ ಬಾವಿಯೊಳಗಿಂದ ಮಾತಾಡಿದ ಹಾಗಿದೆ ಎಂದರು. ಅಷ್ಟರಲ್ಲಿ ಆಲೆಮನೆಯ ಚೌಡಯ್ಯ ಮಂಡ್ಯದ ಮಂಡಿಗೆ ಬೆಲ್ಲದ ದರ ಕೇಳಬೇಕು ಎಂದು ಫೋನು ಎತ್ತಿದ. ದೂರ ಕಡಿಮೆ ಇದ್ದ ಮಾತ್ರಕ್ಕೆ ದಾರಿ ಹತ್ತಿರವಲ್ಲ. ಕಲ್ಲಾರೆ ಬಿಟ್ಟು ಮಳವಳ್ಳಿ, ಮೈಸೂರು ಹಿಡಿದೆ. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮಂಡ್ಯ ಸಿಕ್ಕಿತು.

ಬೆಲ್ಲದ ದರಕ್ಕೆ ದಾರಿ ಸಿಕ್ಕಿತು.

ಬೋರ್ಡಿನ ಮುಂದೆಯೇ ಅತ್ತುಬಿಟ್ಟೆ. ಯಾರೂ ಇರಲಿಲ್ಲ.

13 ನವೆಂಬರ್, ಭಾನುವಾರ

ದೇವೀರಮ್ಮನಿಗೆ ಹೇಳಲೇಬೇಕು ಎಂದು ಹೋದೆ. ಹಸು ಕರೆಯಲು ಹೊರಟಿದ್ದಳು. ಮಗ ಗದ್ದೆಗೆ ಹೋಗಿದ್ದ. ಒಂದು ಗಳಿಗೆ ಇಡ್ಕೊಳ್ಳಿ ಎಂದು ಕೂಸನ್ನು ನನ್ನ ಕೈಗೆ ಇಟ್ಟುಬಿಟ್ಟಳು. ನನಗೆ ಮಕ್ಕಳಾಗಲಿಲ್ಲ, ಹಿಡಿದು ರೂಢಿಯಿಲ್ಲ. ಕತ್ತು ನಿಲ್ಲುವುದಿಲ್ಲ. ಸೆರಗಿನ ಅಂಚನ್ನು ಬಾಯಿಗೆ ಹಾಕಿಕೊಂಡು ಚೀಪಿತು. ಹಾಲಿಲ್ಲದ ಬಟ್ಟೆ ಎಂದು ಗೊತ್ತಾದ ಮೇಲೂ ಚೀಪುತ್ತಲೇ ಇತ್ತು.

ಅವಳು ಚೊಂಬು ತಂದು ಇಟ್ಟಳು. ಏನು ಬಂದಿರಿ ಎಂದಳು. ಕೂಸನ್ನು ನೋಡಲು ಎಂದೆ. ಅಲ್ಲಿಂದ ನೇರ ಬೋರ್ಡಿಗೆ ಬಂದು ಕೂತೆ. ಸಂಜೆ ದೇವರ ದೀಪ ಹಚ್ಚುವಾಗಲೂ ಸೆರಗಿನಲ್ಲಿ ಹಾಲಿನ ವಾಸನೆ.

ನಾಳಿದ್ದು ಮಂಗಳವಾರ.

14 ನವೆಂಬರ್, ಸೋಮವಾರ

ನಾಲ್ಕೂವರೆಯ ಗಂಟೆ ಬಂತು. ಮಹದೇವಯ್ಯ ಮದ್ದೂರು ಇದೆ ಎಂದರು, ಅರಳಿಪುರ ಇದೆ ಎಂದರು. ಪ್ಲಗ್ಗು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

‘ನಾಳೀಕೆ ಎಷ್ಟೊತ್ತಿಗಂತೆ ಅಮ್ನೋರೆ?’

ಹೊತ್ತು ಹುಟ್ಟಿದ ಮೇಲೆ, ಗುಡಿ ಬಾಗಿಲು ತೆಗೆದಾಗ ಎಂದೆ.

‘ಸರಿ. ಮಗ್ಳ ಗಾಡೀಲಿ ಕೂರ್ಸಿ ಊರ ಗಡಿ ದಾಟುಸ್ತೀನಿ. ನಮ್ಮನೇಲಿರೋ ಎಕ್ಸ್‌ಚೇಂಜಿನ ಕಿಟಕೀಗೆ ಕಾಣ್ತದೆ ಮೋರಿ, ಅದ್ರಾಚೆ. ಮನೆ ಮೇಲೆ ಬಂದದ್ದು ಗಡಿ ದಾಟಾಕಿಲ್ಲ ಅಂತ ನಮ್ಮವ್ವ ಏಳ್ತಿದ್ಲು. ತೂರಿ ಮುಗುದ್ ಮೇಲೂ ಮೂರು ದಿಸ ಒಳೀಕೆ ಕರ್ಕಳಂಗಿಲ್ಲ. ಮಾವಿನ ಮರದಡೀಲೇ ಇರ್ಲಿ.’

ಈ ಮಳೆಯಲ್ಲಾ ಎಂದೆ. ಏಳು ತಿಂಗಳ ಹುಡುಗಿಯಲ್ಲವೇ.

‘ಮಳೆ ಆದ್ರೆ ಕಂಬ್ಳಿ ಒದುಸ್ಬೋದು’ ಎಂದರು. ಆಮೇಲೆ, ‘ನೀವು ಆ ಎಂಗ್ಸಿಗೆ ಏನೂ ಅನ್ನಬ್ಯಾಡಿ. ನೊಂದವ್ಳೆ. ಯಾರ ಮೇಲಾರ ಆಕ್ಬೇಕಲ್ಲ’ ಎಂದು ಅವರೇ ಪ್ಲಗ್ಗು ತೆಗೆದರು.

ಅನುಸಂಧಾನಕ್ಕೆ ಕೂರಲಿಲ್ಲ ಇವತ್ತು. ಏನೆಂದು ಕೇಳಲಿ ಪೆರುಮಾಳನ್ನು? ಅವನಿಗೆ ಗೊತ್ತಿರುವುದನ್ನೇ ದೇವೀರಮ್ಮನಿಗೆ ಹೇಳಬೇಕಾಗಿದೆ, ಅದಕ್ಕೆ ಅವನು ಬರುವುದಿಲ್ಲ.

15 ನವೆಂಬರ್, ಮಂಗಳವಾರ

ಬೋರ್ಡನ್ನು ನಿಂಗಯ್ಯನಿಗೆ ಒಪ್ಪಿಸಿ ಹೋದೆ. ಜಿಟಿಜಿಟಿ ಮಳೆ. ಮಾರಮ್ಮನ ಗುಡಿ ಊರಾಚೆ ಹುಣಸೆ ತೋಪಿನಲ್ಲಿ. ಪೂಜಾರಿ ಬಾಗಿಲು ತೆಗೆದು ಪಕ್ಕಕ್ಕೆ ಸರಿದು ನಿಂತಿದ್ದ. ಇಂಥದ್ದಕ್ಕೆ ಅವನು ಮಂಗಳಾರತಿ ಎತ್ತುವುದಿಲ್ಲ. ಹತ್ತು ಹದಿನೈದು ಜನ ದೂರದಲ್ಲಿ. ದೇವೀರಮ್ಮ ಒದ್ದೆ ಸೀರೆಯಲ್ಲಿ, ತಲೆ ಬಿಚ್ಚಿಕೊಂಡು, ಎಡಗೈಯಲ್ಲಿ ಕೂಸು. ಬಲಗೈಯಲ್ಲಿ ಆಗಲೇ ಮಣ್ಣು ತೆಗೆದುಕೊಂಡಿದ್ದಳು.

ಮೆಟ್ಟಿಲು ಹತ್ತಿ ಅವಳ ಮುಂದೆ ನಿಂತೆ. ಜನ ನನ್ನನ್ನು ನೋಡಿ ಏನೋ ಅಂದುಕೊಂಡರು. ತಾಳು, ಆ ಹೆಸರು ಹೇಳಬೇಡ ಎಂದೆ.

‘ದೂರ ನಿಂತ್ಕಳಿ ಅಮ್ನೋರೆ. ಮೇಲೆ ಬೀಳ್ತದೆ.’

ಬಿದ್ದರೆ ಬೀಳಲಿ, ಮೊದಲು ಕೇಳು ಎಂದೆ. ಹೇಗೆ ಹೇಳಿದೆನೋ. ತಿರುಗಿಸಿ ಮುರುಗಿಸಿ ಹೇಳಲು ಹೋಗಲಿಲ್ಲ. ಮಹದೇವಯ್ಯ ತಂತಿ ಇದೆ ಎಂದು ನನಗೆ ಹೇಳಲಿಲ್ಲ, ಹೇಳಿದ ಎಂದು ಇನ್ನೊಬ್ಬರು ಹೇಳಿದರು, ನಾನು ನಂಬಿದೆ, ನಂಬಿ ನಿನಗೆ ಕೊಟ್ಟೆ. ಮೂರು ಊರಿನವರೂ ಹಾಗೇ ಒಬ್ಬರ ಬೆನ್ನ ಹಿಂದೆ ಒಬ್ಬರು ನಿಂತೆವು. ಅವತ್ತು ಆಸ್ಪತ್ರೆಗೆ ಹೋಗುವ ತಂತಿ ಒಂದೇ ಒಂದು ಇತ್ತು. ಅದು ಮಳವಳ್ಳಿಯದು. ಬೆಳಗಿನಿಂದ ನನ್ನ ಕೈಯ ಹತ್ತಿರವೇ ಇತ್ತು. ಮುಟ್ಟಿದ್ದು ಹೊತ್ತು ಮುಳುಗುವಾಗ.

ಅವಳು ಕಣ್ಣು ಪಿಳುಕಿಸಲಿಲ್ಲ. ಮಳೆ ನೀರು ಮುಖದಿಂದ ಇಳಿಯುತ್ತಿತ್ತು.

‘ಅಂಗಾರೆ ಯಾರೆಸ್ರೇಳ್ಲಿ?’

‘ನಂದು ಹೇಳು’ ಎಂದೆ. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ‘ಆಂಡಾಳ್ ಅಂತ.’

ದೇವೀರಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಹಸು ಕೊಳ್ಳುವವರು ನೋಡುವ ಹಾಗೆ.

‘ನಿಂಗ್ಯಾರವ್ರೆ? ಗಂಡಿಲ್ಲ, ಮಕ್ಳಿಲ್ಲ, ಮರಿ ಇಲ್ಲ. ನಿನ್ನ ಮೇಲೆ ಮಣ್ಣು ತೂರುದ್ರೆ ಅದು ಯಾರ್ನ ಮುಟ್ಟದೆ? ಬರೀ ಮಣ್ಣು ದಂಡ.’

ಯಾರೋ ಹಿಂದೆ ಕೆಮ್ಮಿದರು. ಅವಳ ಮುಷ್ಟಿ ಹಾಗೇ ಬಿಗಿಯಾಗಿತ್ತು, ಬೆರಳ ಸಂದಿಯಿಂದ ಕೆಸರು ಮೊಣಕೈಗೆ ಇಳಿಯುತ್ತಿತ್ತು. ಕೂಸು ಎಚ್ಚರವಾಗಿ ಮುಲುಗಿತು. ಕಲ್ಲಾರೆಯ ಹುಡುಗಿ ಗಾಡಿಯಲ್ಲಿ ಕೂತಿದ್ದಾಳೆ, ಮನೆ ಬಿಟ್ಟು, ಮಳೆಯಲ್ಲಿ, ಏಳು ತಿಂಗಳು ಎಂದೆ. ಅದನ್ನು ಹೇಳಬೇಕೆಂದು ಬಂದಿರಲಿಲ್ಲ.

‘ನನ್ಗೇಳ್ಬ್ಯಾಡ ಅದ್ನ’ ಎಂದಳು ದೇವೀರಮ್ಮ.

ಗುಡಿಯೊಳಗೆ ನೋಡಿದಳು, ನನ್ನನ್ನಲ್ಲ. ಆಮೇಲೆ ಕೂಸನ್ನು ನನ್ನ ಕೈಗೆ ತಳ್ಳಿ, ಸೆರಗಿನ ತುದಿ ಎಳೆದು, ಮುಷ್ಟಿಯ ಮಣ್ಣನ್ನು ಅದರೊಳಕ್ಕೆ ಹಾಕಿ ಎರಡು ಗಂಟು ಬಿಗಿದಳು. ಹಲ್ಲಿನಲ್ಲಿ ಕಚ್ಚಿ ಬಿಗಿದಳು.

‘ಮಡೀಕಂಡಿರ್ತೀನಿ. ಬುಟ್ಟೆ ಅಂತ ತಿಳೀಬ್ಯಾಡ. ಇನ್ನೊಂದ್ ದಪ ಯಾರ್ದಾರ ಮನೆ ಎಂಗ್ಸು ನಿಮ್ ತಂತಿ ಕಾಯ್ತಾ ಸತ್ರೆ ಮೂರೆಸ್ರೂ ಏಳ್ತೀನಿ. ಮೂರಿಡಿ ಮಣ್ಣು, ಮೂರೂರ್ಗೆ.’

ಆಗಲಿ ಎಂದೆ. ಅದಕ್ಕಿಂತ ನ್ಯಾಯ ನನಗೂ ಕಾಣಲಿಲ್ಲ.

‘ಓಗು. ಆ ಎಣ್ಣ ಮನೀಗ್ ಕರ್ಕಳಕ್ಕೇಳು.’

ಕೂಸನ್ನು ಕೊಟ್ಟು ಬೇಗ ಬೇಗ ಬಂದೆ, ದಾರಿಯಲ್ಲಿ ಒಂದು ಕಡೆ ಜಾರಿದೆ. ನಿಂಗಯ್ಯ ಕುರ್ಚಿ ಬಿಟ್ಟ. ಕಲ್ಲಾರೆಗೆ ಪ್ಲಗ್ಗು ಹಾಕಿ ಹಿಡಿಕೆ ತಿರುವಿದೆ. ಒಂದೇ ಗಂಟೆಗೆ ಎತ್ತಿದರು. ತೂರಲಿಲ್ಲ, ನಾನೇ ಎದುರಿಗೆ ನಿಂತು ನೋಡಿದೆ, ಮಗಳನ್ನು ಮನೆಗೆ ಕರೆಸಿಕೊಳ್ಳಿ ಮಹದೇವಣ್ಣ ಎಂದೆ.

ಕುರ್ಚಿ ಹಿಂದಕ್ಕೆ ಸರಿದ ಸದ್ದು, ಏನೋ ಬಿದ್ದ ಸದ್ದು. ಬೋರ್ಡು ಹಾಗೇ ತೆರೆದಿಟ್ಟು ಹೋಗಿದ್ದರು. ಪ್ಲಗ್ಗು ತೆಗೆಯಲು ಮನಸ್ಸು ಬರಲಿಲ್ಲ. ಕಲ್ಲಾರೆಯ ಹೆಂಚಿನ ಮೇಲಿನ ಮಳೆ ಕಿವಿಯೊಳಗೆ ಸುರಿಯುತ್ತಿತ್ತು. ದೂರದಲ್ಲಿ ಗಂಡಸೊಬ್ಬರು ಯಾರನ್ನೋ ಕೂಗುತ್ತಿದ್ದರು. ಅರಳಿಪುರದ ಶಟರು ಬಿತ್ತು, ನಿಂಗಯ್ಯ ಕೈತೋರಿಸಿದ. ತಾಳು ಎಂದೆ. ಗಾಡಿ ಬಂದು ನಿಂತಿತು. ಎತ್ತಿನ ಕೊರಳ ಗಂಟೆ. ಆಮೇಲೆ ತೀರ ಹತ್ತಿರದಲ್ಲಿ, ಕಿಟಕಿಯ ಹೊರಗೇ ಇರಬೇಕು, ಒಂದು ಹುಡುಗಿಯ ದನಿ, ಚಳಿಗೆ ನಡುಗುತ್ತಿತ್ತು.

‘ಒಳೀಕ್ ಬರ್ಲಾ ಅಪ್ಪಯ್ಯ?’

ಅದನ್ನು ನನ್ನ ಕಿವಿಯಿಂದಲೇ ಕೇಳಿದೆ. ಕೇಳಿದ ಮೇಲೆ ಪ್ಲಗ್ಗು ತೆಗೆದು ಅರಳಿಪುರಕ್ಕೆ ಹಾಕಿದೆ.